ಹದಿನೇಳು ಒಂದುಗಳು

ನಮ್ಮ ಮನೆಯ ಪಡಸಾಲೆಯಲ್ಲಿ ಮೂರು ಗೋಡೆ ಬಿಳಿ, ಒಂದು ಗೋಡೆ ಕಪ್ಪು. ದಸರೆಗೆ ಮುಂಚೆ ಸುಣ್ಣ ಬಳಿಯುವ ಆಳು ಬಂದಾಗ ಅಪ್ಪ ಸಾಲೆಗೆ ರಜೆ ಹಾಕಿ ಮನೆಯಲ್ಲೇ ಇರುತ್ತಿದ್ದ, ಆಳು ಮರೆತು ಆ ಗೋಡೆಗೂ ಕುಂಚ ಹಚ್ಚಿಯಾನೆಂದು. ಅದಕ್ಕೆ ಅಪ್ಪ ತಾನೇ ಕರಿ ಬಣ್ಣ ಬಳಿದು ಸಾಲೆಯ ಬೋರ್ಡಿನಂತೆ ಮಾಡಿಕೊಂಡಿದ್ದ. ಗೋಡೆಯ ನೆತ್ತಿಯಲ್ಲಿ, ನಮ್ಮ ಕೈಗೆ ಎಟುಕದಷ್ಟು ಮೇಲೆ, ಸೀಮೆಸುಣ್ಣದಲ್ಲಿ ಹದಿನೇಳು ಒಂದುಗಳನ್ನು ಒಂದರ ಪಕ್ಕ ಒಂದು ಬರೆದಿದ್ದ. ಬೇರೆಯವರ ಮನೆಯಲ್ಲಿ ಆ ಜಾಗದಲ್ಲಿ ದೇವರ ಪಟ ಇರುತ್ತಿತ್ತು. ಬಂದವರು ಕತ್ತು ಎತ್ತಿ ನೋಡಿ, "ಇದೇನ್ರಿ ಮಾಸ್ತರ, ಗ್ವಾಡಿಗಿ ಬ್ಯಾಲಿ ಹಾಕೀರೇನು?" ಎಂದು ಕೇಳುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ.

ಮನೆ ವಿಜಯಪುರದಲ್ಲಿ, ಕೋಟೆ ಗೋಡೆಗೆ ಹತ್ತಿಕೊಂಡ ಓಣಿಯೊಂದರಲ್ಲಿತ್ತು. ಅಪ್ಪ ತಿಕೋಟಾದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ, ಅವ್ವ ಬಬಲೇಶ್ವರದ ದವಾಖಾನೆಯಲ್ಲಿ ನರ್ಸ್. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಬುತ್ತಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ, ಅಲ್ಲಿಂದ ಒಬ್ಬೊಬ್ಬರು ಒಂದೊಂದು ದಿಕ್ಕಿನ ಬಸ್ಸು ಹತ್ತುತ್ತಿದ್ದರು. ಹಿಂದೆ ಉಳಿಯುತ್ತಿದ್ದವರು ಅಪ್ಪನ ತಾಯಿ, ನಮ್ಮ ಆಯಿ, ಮತ್ತು ನಾವಿಬ್ಬರು ಹೆಣ್ಣುಮಕ್ಕಳು. ಅಕ್ಕ ಮಹಾದೇವಿ ನನಗಿಂತ ಬಹಳ ದೊಡ್ಡವಳು. ನಾನು ಅಕ್ಷರ ತಿದ್ದುವಾಗ ಅವಳು ಹೈಸ್ಕೂಲು ಸೇರಿದ್ದಳು. ಆಯಿ ಮುಂಜಾನೆ ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಒಲೆಯ ಮುಂದೆ ಕೂತರೆ ರೊಟ್ಟಿ ಬಡಿಯುವ ಸದ್ದು ಪಡಸಾಲೆಯವರೆಗೂ ಕೇಳುತ್ತಿತ್ತು. ಅದೇ ಹೊತ್ತಿಗೆ ಪಡಸಾಲೆಯಿಂದ ಇನ್ನೊಂದು ಸದ್ದು, ಕರಿ ಗೋಡೆಯ ಮೇಲೆ ಸೀಮೆಸುಣ್ಣ ಓಡುವುದು. ಆ ಎರಡು ಸದ್ದು ಕೂಡಿದರೆ ನನಗೆ ಬೆಳಗಾಯಿತು.

ಅಪ್ಪ ಮಾಡುತ್ತಿದ್ದುದು ಭಾಗಾಕಾರ. ಆ ಹದಿನೇಳು ಒಂದುಗಳ ಸಂಖ್ಯೆಯನ್ನು ಯಾವುದಾದರೂ ಸಂಖ್ಯೆ ಶೇಷವಿಲ್ಲದೆ ಭಾಗಿಸುತ್ತದೆಯೇ ಎಂದು ನೋಡುವುದು. ಭಾಗಿಸುವುದಿಲ್ಲ, ಅದು ಅವಿಭಾಜ್ಯ ಎಂಬುದು ಅವನ ನಂಬಿಕೆ. ಊಟಕ್ಕೆ ಕೂತಾಗ ಅವನು ಇದನ್ನು ನಮಗೆ ಬಿಡಿಸಿ ಹೇಳಿದ್ದುಂಟು. ಒಂದುಗಳ ಎಣಿಕೆ ಒಡೆಯುವಂಥದ್ದಾದರೆ ಸಂಖ್ಯೆಯೂ ಒಡೆಯುತ್ತದೆ. ಆರು ಒಂದುಗಳನ್ನು ಮೂರು ಮೂರಾಗಿ ಹಿಡಿ, ನೂರಾ ಹನ್ನೊಂದು ಅದನ್ನು ನುಂಗುತ್ತದೆ. ಎಣಿಕೆ ಒಡೆಯದಿದ್ದರೆ ಮಾತ್ರ ಆಸೆ. ಹಾಗೆಂದು ಅದೂ ಗಟ್ಟಿಯಲ್ಲ: ಏಳು ಒಂದುಗಳನ್ನು ಇನ್ನೂರಾ ಮೂವತ್ತೊಂಬತ್ತು ಒಡೆಯುತ್ತದೆ, ಹದಿಮೂರು ಒಂದುಗಳನ್ನು ಐವತ್ತಮೂರು ಒಡೆಯುತ್ತದೆ. ಹದಿನೇಳನ್ನು ಮಾತ್ರ ಯಾವುದೂ ಒಡೆದಿಲ್ಲ. ಒಡೆಯುವಂಥದ್ದು ಇದ್ದರೆ ಅದನ್ನು ಮೂವತ್ತನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕು ಎಂಬ ನಿಯಮ ಅವನಿಗೆ ಗೊತ್ತಿತ್ತು. ಹಾಗಾಗಿ ಮೂವತ್ತನಾಲ್ಕರ ಹೆಜ್ಜೆಯಲ್ಲಿ, ನಡುವೆ ತಾವೇ ಒಡೆಯುವಂಥವನ್ನು ಬಿಟ್ಟು, ಒಂದೊಂದಾಗಿ ನೋಡುತ್ತ ಮದುವೆಗೆ ಮೊದಲಿಂದ ನಡೆದು ಬಂದಿದ್ದ. ಪೂರಾ ಖಾತ್ರಿಯಾಗಬೇಕಾದರೆ ಹತ್ತು ಕೋಟಿ ದಾಟಬೇಕು. ಅವನಿನ್ನೂ ಲಕ್ಷಗಳಲ್ಲಿದ್ದ.

"ಹತ್ತ ಕೋಟಿ ಮುಟ್ಟೂತನಾ ನೀವ ಇರತೀರೇನು?" ಎಂದು ಅವ್ವ ಒಮ್ಮೆ ರೊಟ್ಟಿ ಹಾಕುತ್ತ ಕೇಳಿದಳು.

"ನಾ ಇಲ್ಲಂದ್ರ ಮಾದೇವಿ ಅದಾಳ," ಎಂದ ಅಪ್ಪ. "ಆಕಿ ಇಲ್ಲಂದ್ರ ಆಕಿ ಮಕ್ಕಳು."

"ಆಕಿಗೆ ಸ್ವಂತ ಬಾಳೇವು ಐತಿ ಇಲ್ಲೋ?"

ಅಕ್ಕ ತಲೆ ಎತ್ತಲಿಲ್ಲ, ಆದರೆ ಅವಳ ಮುಖದಲ್ಲಿ ನಗು ಇತ್ತು. ನಾನು ನೋಡಿದೆ.

ಅಕ್ಕನ ಕೈ ಲೆಕ್ಕದಲ್ಲಿ ಬಲು ಚುರುಕು. ಏಳು ಅಂಕಿಯ ಭಾಜಕವನ್ನು ಎದುರಿಗಿಟ್ಟುಕೊಂಡು ಮೊದಲು ಅದರ ಒಂಬತ್ತರವರೆಗಿನ ಮಗ್ಗಿಯನ್ನು ಪಾಟಿಯ ಅಂಚಿಗೆ ಬರೆದು, ಆಮೇಲೆ ಒಂದೊಂದೇ ಅಂಕಿ ಇಳಿಸುತ್ತ ಕಳೆಯುತ್ತ ಹೋಗುವಳು. ಮುಗಿದ ಮೇಲೆ ಶೇಷ ಎಷ್ಟೆಂದು ಹೇಳಿ ಪಾಟಿ ಒರೆಸಿಬಿಡುವಳು. ಮೊದಮೊದಲು ಅಪ್ಪ ಅವಳು ಮಾಡಿದ್ದನ್ನೆಲ್ಲ ತಾನು ಇನ್ನೊಮ್ಮೆ ಮಾಡಿ ನೋಡಿದ. ಒಂದೂ ತಪ್ಪು ಸಿಗಲಿಲ್ಲ. ಆಮೇಲೆ ನೋಡುವುದನ್ನು ಬಿಟ್ಟು ಕೆಲಸ ಹಂಚಿಕೊಂಡ: ಕೊನೆಯ ಅಂಕಿ ಒಂದು ಅಥವಾ ಏಳು ಇರುವ ಭಾಜಕಗಳು ಅವನವು, ಮೂರು ಅಥವಾ ಒಂಬತ್ತು ಇರುವವು ಅವಳವು. ಐದರವು ಯಾರಿಗೂ ಬೇಡ, ಅವು ತಾವೇ ಐದರಿಂದ ಒಡೆಯುತ್ತವೆ. ಬೆಳಿಗ್ಗೆ ಅಪ್ಪ ಗೋಡೆಯ ಮೇಲೆ, ಸಂಜೆ ಸಾಲೆ ಬಿಟ್ಟು ಬಂದ ಅಕ್ಕ ಕಿಟಕಿಯ ಹತ್ತಿರ ಪಾಟಿಯ ಮೇಲೆ. ಅಪ್ಪ ತಿಕೋಟಾದಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದ, "ಉಳೀತೇನ ಯವ್ವಾ?" ಅವಳು ಒಳಗಿಂದ, "ಉಳೀತು ಯಪ್ಪಾ," ಎನ್ನುತ್ತಿದ್ದಳು. ಶೇಷ ಉಳಿಯಿತೆಂದರೆ ಸಂಖ್ಯೆ ಒಡೆಯಲಿಲ್ಲ ಎಂದು ಅರ್ಥ. ಅದು ನಮ್ಮ ಮನೆಯ ಒಳ್ಳೆಯ ಸುದ್ದಿ. ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ನಾನು ಹೊಸ್ತಿಲ ಮೇಲೆ ಕೂತು ಇಬ್ಬರನ್ನೂ ನೋಡುತ್ತ, ಅವರ ಬಾಯಿಂದ ಬಿದ್ದ ಅಂಕಿಗಳನ್ನು ನನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದೆ.

ಆ ವರ್ಷದ ನಾಗರ ಪಂಚಮಿ ನನಗೆ ಚೆನ್ನಾಗಿ ನೆನಪಿದೆ. ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಆಯಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಮಾಡಿ ಡಬ್ಬಿಗಳಲ್ಲಿ ತುಂಬಿದ್ದಳು. ನಾವು ಹುತ್ತಕ್ಕೆ ಹಾಲೆರೆದು ಬಂದ ಮೇಲೆ ಅಪ್ಪ ಪಡಸಾಲೆಯಿಂದ ಕೂಗಿದ, ಇಪ್ಪತ್ತು ಲಕ್ಷ ದಾಟಿತು ಎಂದು. ಇಪ್ಪತ್ತು ಲಕ್ಷದೊಳಗಿನ ಯಾವ ಸಂಖ್ಯೆಯೂ ಆ ಹದಿನೇಳು ಒಂದುಗಳನ್ನು ಒಡೆಯಲಾರದು. ಅಕ್ಕ ಜೋಕಾಲಿಯಿಂದ ಜಿಗಿದು ಓಡಿಬಂದಳು. ಅಪ್ಪ ಅವಳ ಬಾಯಿಗೊಂದು ಉಂಡಿ ಇಟ್ಟ, ಆಮೇಲೆ ನನ್ನ ಬಾಯಿಗೂ ಇಟ್ಟ. ಅವ್ವ ಸಹ ಬಾಗಿಲಲ್ಲಿ ನಿಂತು ನಕ್ಕಳು. ಪಂಚಮಿಯ ಮರುದಿನ ಬೆಳಿಗ್ಗೆ ಇಪ್ಪತ್ತು ಲಕ್ಷದ ಆಚೆಯ ಲೆಕ್ಕ ಶುರುವಾಯಿತು. ನಮ್ಮ ಮನೆಯಲ್ಲಿ ಎಲ್ಲರೂ ಒಂದೇ ಮಾತಿಗೆ ನಕ್ಕದ್ದು ಅದೇ ಕೊನೆ.

ಅಕ್ಕನಿಗೆ ತಲೆನೋವು ಬರತೊಡಗಿದ್ದು ಯಾವಾಗ ಎಂದು ಈಗ ನಾನು ಖಚಿತವಾಗಿ ಹೇಳಲಾರೆ. ಯಾರೂ ಹೇಳಲಾರದೆ ಹೋದದ್ದೇ ನಮ್ಮ ಮನೆಯ ಕಥೆ. ಬೆಳಿಗ್ಗೆ ಏಳುವಾಗ ನೋವು, ಮಧ್ಯಾಹ್ನಕ್ಕೆ ಕಡಿಮೆ. ಆಯಿ ಸುಂಠಿ ತೇದು ಹಣೆಗೆ ಹಚ್ಚುತ್ತಿದ್ದಳು. ಮುಟ್ಟು ಶುರುವಾಗುವ ವಯಸ್ಸು, ಹಾಗೇ ಆಗುತ್ತದೆ ಎನ್ನುತ್ತಿದ್ದಳು. ಅವ್ವ ದವಾಖಾನೆಯಿಂದ ಗುಳಿಗೆ ತಂದುಕೊಟ್ಟಳು. ಚಳಿ ಬೀಳುವ ಹೊತ್ತಿಗೆ ವಾಂತಿಯೂ ಸೇರಿತು. ಆಗ ಅವ್ವ ಅಪ್ಪನ ಎದುರು ನಿಂತಳು.

"ಲೆಕ್ಕ ಸಾಕ ಮಾಡ್ರಿ ಇನ್ನ. ಹುಡುಗಿ ಕಣ್ಣ ಹ್ಯಾಂಗ ಒಳಗ ಹೋಗ್ಯಾವ ನೋಡ್ರಿ."

"ನಾ ಒತ್ತಾಯ ಮಾಡೀನೇನು? ಆಕೀನ ಕೂಡತಾಳ."

"ಆಕೀನ ಕೂಡತಾಳ! ನೀವು ಬಂದಕೂಡ್ಲೆ ಉಳೀತೇನು ಅಂತ ಕೇಳತೀರಿ. ಒಂದ ದಿನಾ, ಉಂಡ್ಯೇನು ಅಂತ ಕೇಳೀರೇನು?"

ಮರುದಿನ ಅಪ್ಪ ಪಾಟಿಯನ್ನು ಅಟ್ಟದ ಮೇಲಿಟ್ಟ. ಅಕ್ಕ ಅತ್ತು ರಂಪ ಮಾಡಿ, ಸ್ಟೂಲು ಹತ್ತಿ ಅದನ್ನು ಇಳಿಸಿಕೊಂಡಳು. ದೀಪಾವಳಿಯ ಎಣ್ಣೆಸ್ನಾನದ ದಿನ ಅವಳು ಬಚ್ಚಲಲ್ಲಿ ಬಿದ್ದಳು. ಕೈಕಾಲು ಸೆಟೆದಿದ್ದವು. ಅವ್ವ ತೊಡೆಯ ಮೇಲೆ ಅವಳ ತಲೆಯಿಟ್ಟುಕೊಂಡು, ನಾಲಿಗೆ ಕಚ್ಚದಂತೆ ನೋಡಿಕೊಂಡು, ಓಣಿಗೆ ಕೇಳುವಂತೆ ಕೂಗಿದಳು. ಹಬ್ಬದ ದಿನ ಜೀಪು ಸಿಗುವುದು ಕಷ್ಟವಾಗಿತ್ತು. ವಿಜಯಪುರದ ಡಾಕ್ಟರು ಮಿರಜಿಗೆ ಒಯ್ಯಿರಿ ಎಂದರು.

ಮಿರಜಿನಲ್ಲಿ ತಲೆಯ ಫೋಟೋ ತೆಗೆದರು. ಮೆದುಳಿನಲ್ಲಿ ಗಡ್ಡೆ, ಕೊಯ್ಯಲು ಬಾರದ ಜಾಗದಲ್ಲಿ. ನಾನು ಅಲ್ಲಿ ಇರಲಿಲ್ಲ; ಅಲ್ಲಿ ನಡೆದ ಮಾತನ್ನು ಆಮೇಲೆ ಜಗಳದಲ್ಲಿ ಎಷ್ಟು ಸಲ ಕೇಳಿದೆನೆಂದರೆ ನಾನೇ ಅಲ್ಲಿದ್ದೆನೇನೋ ಅನಿಸುತ್ತದೆ. ಡಾಕ್ಟರು ಕೇಳಿದ್ದು ಇಷ್ಟೇ: ಈ ಹುಡುಗಿಗೆ ಬಲಗಡೆಯದು ಕಾಣುತ್ತಿಲ್ಲ, ಇದು ಯಾವಾಗಿನಿಂದ? ಗಡ್ಡೆ ಸಣ್ಣದಿದ್ದಾಗ ತಂದಿದ್ದರೆ ಏನಾದರೂ ನೋಡಬಹುದಿತ್ತು. ಅವ್ವನಿಗೆ ಬಾಯಿ ಬರಲಿಲ್ಲ. ಅಪ್ಪ ಹೇಳಿದನಂತೆ, "ಮೊನ್ನಿ ಮೊನ್ನಿಂದ ಇರಬೇಕ್ರಿ ಸಾಹೇಬ್ರ. ಆಕಿ ದೀಪಾವಳಿ ತನಾ ಹದಿನೇಳ ಅಂಕಿ ಭಾಗಾಕಾರ ಮಾಡ್ಯಾಳ, ಒಂದೂ ತಪ್ಪಿಲ್ಲ." ಅಕ್ಕನನ್ನು ಮನೆಗೆ ಕರೆತಂದರು. ಸಂಕ್ರಾಂತಿಗೆ ಮುಂಚೆ ಹೋದಳು. ಆಯಿ ಅವಳ ಕೊರಳ ಲಿಂಗವನ್ನು ಕೈಯಲ್ಲಿಟ್ಟಳು, ಕೂರಿಸಿ ಮಣ್ಣು ಕೊಟ್ಟು ಬಂದರು. ಅಪ್ಪ ಅಳಲಿಲ್ಲ. ಬಂದವರೆಲ್ಲ ಅದನ್ನು ನೋಡಿ ತಮ್ಮತಮ್ಮಲ್ಲಿ ಮಾತಾಡಿಕೊಂಡರು.

ಆಮೇಲಿನ ವರ್ಷಗಳಲ್ಲಿ ನಮ್ಮ ಮನೆ ಎರಡು ವಾಕ್ಯಗಳ ಮೇಲೆ ನಡೆಯಿತು. ಅವ್ವನ ವಾಕ್ಯ, ಆ ಲೆಕ್ಕ ನನ್ನ ಮಗಳ ತಲಿ ತಿಂತು. ಅವ್ವ ನರ್ಸ್, ಲೆಕ್ಕದಿಂದ ಗಡ್ಡೆ ಬೆಳೆಯುವುದಿಲ್ಲ ಎಂದು ಅವಳಿಗೆ ಯಾರಿಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ಹೇಳುತ್ತಿದ್ದುದು ಬೇರೆಯದು: ದಿನಾ ಸಂಜೆ ಪಾಟಿ ಹಿಡಿದು ನಿಮ್ಮ ಕಣ್ಣೆದುರು ಕೂತವಳಿಗೆ ಕಣ್ಣು ಕಾಣದಾದದ್ದು ನಿಮಗೆ ತಿಳಿಯಲಿಲ್ಲವೇ ಎಂದು. ಅಪ್ಪನ ವಾಕ್ಯ, ಆಕಿ ಒಂದೂ ತಪ್ಪಿಲ್ಲ. ತಪ್ಪಿದ್ದರೆ ಎಲ್ಲಿ ತಪ್ಪಿದ್ದಾಳೆ ತೋರಿಸು. ತಪ್ಪಿಲ್ಲವೆಂದರೆ ಕಣ್ಣು ನೆಟ್ಟಗಿತ್ತು. ಕಣ್ಣು ನೆಟ್ಟಗಿತ್ತೆಂದರೆ ನಾವು ನೋಡಬೇಕಾದದ್ದು ಏನೂ ಇರಲಿಲ್ಲ. ಯಾರೂ ಅವಳನ್ನು ಕೈಯಾರೆ ಬಿಟ್ಟುಕೊಡಲಿಲ್ಲ. ಹೀಗೆ ಆ ಸಂಖ್ಯೆ ಒಡೆಯಬಾರದು ಎಂಬುದಕ್ಕೆ ಅಪ್ಪನಿಗೆ ಹೊಸ ಕಾರಣ ಹುಟ್ಟಿತು. ಬೆಳಿಗ್ಗೆ ಅವನು ಒಂದು ಮತ್ತು ಏಳರ ಭಾಜಕಗಳನ್ನು ಮಾಡುತ್ತಲೇ ಇದ್ದ. ಮೂರು ಮತ್ತು ಒಂಬತ್ತರವನ್ನು ಮುಟ್ಟಲಿಲ್ಲ. ಅಕ್ಕ ಮಾಡಿಟ್ಟದ್ದನ್ನು ಮತ್ತೆ ಮಾಡಿ ನೋಡುವ ಮಾತೇ ಇರಲಿಲ್ಲ. ಅದು ಅವಳನ್ನು ಅನುಮಾನಿಸಿದಂತೆ. ನಾನು ಸಾಲೆಯ ಗಣಿತ ಕೇಳಲು ಹೋದರೆ, "ನಿಮ್ಮ ಟೀಚರಿಗೆ ಕೇಳ್ಹೋಗು," ಎನ್ನುತ್ತಿದ್ದ. ಊರ ಮಕ್ಕಳಿಗೆಲ್ಲ ಲೆಕ್ಕ ಕಲಿಸಿದವನು ನನಗೆ ಎರಡು ಸಂಖ್ಯೆ ಕೂಡಿಸುವುದನ್ನೂ ಹೇಳಿಕೊಡಲಿಲ್ಲ. ನಾನು ಕಲಿತದ್ದು ಹೊಸ್ತಿಲ ಮೇಲೆ ಕೂತು ಅವನ ಕೈ ನೋಡಿ. ಊಟದ ಹೊತ್ತಿನಲ್ಲಿ ಮಾತಿರಲಿಲ್ಲ. ಅವ್ವ ಆಯಿಯ ಮೂಲಕ ಅಪ್ಪನಿಗೆ, ಅಪ್ಪ ನನ್ನ ಮೂಲಕ ಅವ್ವನಿಗೆ ಮಾತಾಡುತ್ತಿದ್ದರು. ಅಕ್ಕನ ಹೆಸರನ್ನು ಜಗಳದಲ್ಲಿ ಮಾತ್ರ ಹೇಳುತ್ತಿದ್ದರು.

ನಾನು ಹೈಸ್ಕೂಲಿಗೆ ಬಂದ ವರ್ಷ ರಫೀಕ ಮನೆಗೆ ಬಂದ. ತಿಕೋಟಾದವನು, ಅಪ್ಪನ ಹಳೆಯ ವಿದ್ಯಾರ್ಥಿ, ವಿಜಯಪುರದ ಕಾಲೇಜೊಂದರಲ್ಲಿ ಹೊಸದಾಗಿ ಗಣಿತದ ಲೆಕ್ಚರರ್ ಆಗಿದ್ದ. ಅವರ ತೋಟದ ಒಣದ್ರಾಕ್ಷಿಯ ಪೊಟ್ಟಣ ಹಿಡಿದುಕೊಂಡು, ಕಾಲಿಗೆ ನಮಸ್ಕಾರ ಮಾಡಿ, ಕರಿ ಗೋಡೆಯ ಎದುರು ಕೂತ. ಅವನ ಮುಖ ಅರಳಿತ್ತು. ಗುರುಗಳಿಗೆ ಸಿಹಿಸುದ್ದಿ ತಂದಿದ್ದೇನೆಂದೇ ಅವನು ತಿಳಿದಿದ್ದ.

"ಗುರುಗಳ, ನೀವು ಕ್ಲಾಸಿನ್ಯಾಗ ಹೇಳತಿದ್ರೆಲ್ಲಾ, ಹದಿನೇಳ ಒಂದು, ಅದು ನನಗ ಒಂದ ಹಳೇ ಪುಸ್ತಕದಾಗ ಸಿಕ್ತರಿ. ಧಾರವಾಡದ ಲೈಬ್ರರಿಯೊಳಗ."

"ಏನಂತೈತಿ?" ಎಂದ ಅಪ್ಪ.

"ಒಡೀತದರಿ. ನೂರ ವರ್ಷಕ್ಕಿಂತ ಹಿಂದೇನ ಯಾರೋ ಒಡದಾರ. ಎರಡ ತುಂಡು, ಎರಡೂ ಅವಿಭಾಜ್ಯ."

"ಹೇಳು," ಎಂದ ಅಪ್ಪ.

ರಫೀಕ ಜೇಬಿನಿಂದ ಚೀಟಿ ತೆಗೆದು ಓದಿದ. ಇಪ್ಪತ್ತು ಲಕ್ಷದ ಎಪ್ಪತ್ತೊಂದು ಸಾವಿರದ ಏಳುನೂರಾ ಇಪ್ಪತ್ತಮೂರು. ಎರಡನೆಯದು ಹತ್ತು ಅಂಕಿಯದು, ಅದನ್ನು ಒಂದೊಂದೇ ಅಂಕಿಯಾಗಿ ಹೇಳಿದ. ಅಪ್ಪ ಮೊದಲನೆಯದನ್ನು ಕೇಳಿದ ಮೇಲೆ ಎರಡನೆಯದನ್ನು ಕೇಳಿಸಿಕೊಂಡನೋ ಇಲ್ಲವೋ. ಆಯಿ ತಂದ ಚಹಾ ರಫೀಕ ಕುಡಿದ. ಎಲ್ಲೋ ಏನೋ ತಪ್ಪಿದೆ ಎಂದು ಅವನಿಗೂ ಅನಿಸಿರಬೇಕು, "ಬರ್ತೇನ್ರಿ ಗುರುಗಳ," ಎಂದು ಬೇಗ ಎದ್ದ. ಅಪ್ಪ ಅವನನ್ನು ಬಾಗಿಲವರೆಗೆ ಕಳಿಸಿ ಬಂದ.

ಆಮೇಲೆ ಗೋಡೆ ಪೂರಾ ಒರೆಸಿ, ರಫೀಕ ಬಿಟ್ಟುಹೋದ ಚೀಟಿ ನೋಡಿ ಎರಡೂ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ಗುಣಿಸಿದ. ಕೆಳಗಿನ ಸಾಲಿನಲ್ಲಿ ಬಲಗಡೆಯಿಂದ ಒಂದು, ಒಂದು, ಒಂದು ಎಂದು ಬೀಳತೊಡಗಿತು. ಎಡದ ತುದಿ ಮುಟ್ಟುವ ತನಕ ಬೇರೆ ಅಂಕಿ ಬರಲಿಲ್ಲ. ಅವನು ಹಿಂದೆ ಸರಿದು ನಿಂತ. ನಂತರ ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟ.

"ನೀ ಒಮ್ಮೆ ಮಾಡಿ ನೋಡು."

ಅವನು ನನಗೆ ಕೊಟ್ಟ ಮೊದಲ ಲೆಕ್ಕ ಅದು. ತಪ್ಪು ಮಾಡಬೇಕೆಂದು ಮನಸ್ಸಿನಲ್ಲಿ ಬಂತು. ಎಲ್ಲೋ ಒಂದು ಕಡೆ ದಶಕ ಒಯ್ಯುವುದನ್ನು ಮರೆತು ಎರಡೋ ಸೊನ್ನೆಯೋ ಬರುವಂತೆ ಮಾಡಿದರೆ ಅಪ್ಪ ಉಳಿಯುತ್ತಾನೆ ಎನಿಸಿತು. ಆದರೆ ನನ್ನ ಕೈ ಹೊಸ್ತಿಲ ಮೇಲೆ ಕಲಿತ ಕೈ, ಅದಕ್ಕೆ ತಪ್ಪುವುದು ಗೊತ್ತಿರಲಿಲ್ಲ. ಹದಿನೇಳೂ ಒಂದುಗಳು ಬಂದವು. ಅಪ್ಪ ನನ್ನ ಸಾಲನ್ನು ಬೆರಳಿಟ್ಟು ನೋಡಿ, "ಛಲೋ ಮಾಡೀದಿ," ಎಂದು ಹೇಳಿ, ಅಲ್ಲೇ ಗೋಡೆಗೆ ಬೆನ್ನು ಹಚ್ಚಿ ನೆಲದ ಮೇಲೆ ಕೂತುಬಿಟ್ಟ. ಆ ದಿನದಿಂದ ಇಂದಿನವರೆಗೂ ನಾನು ಗಣಿತವನ್ನೇ ಓದಿ, ಗಣಿತವನ್ನೇ ಕಲಿಸಿ ಬದುಕಿದವಳು. ಈಗ ಫೋನಿನಲ್ಲಿ ಆ ಸಂಖ್ಯೆ ಒತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಎರಡೂ ತುಂಡು ಬಂದು ನಿಲ್ಲುತ್ತವೆ. ನಮ್ಮ ಹುಡುಗರಿಗೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ನನಗೆ ಮಾತ್ರ ಇಂದಿಗೂ, ಯಾವ ಲೆಕ್ಕ ಸರಿಬಂದಾಗಲೂ, ಇದರಿಂದ ಯಾರಿಗೆ ಏನಾಗುತ್ತದೋ ಎಂದು ಒಂದು ಕ್ಷಣ ಜೀವ ಅಳುಕುತ್ತದೆ.

ಬಬಲೇಶ್ವರದ ಬಸ್ಸಿಳಿದು ಅವ್ವ ಒಳಗೆ ಬಂದಾಗ ಹೊತ್ತು ಮುಳುಗಲು ಬಂದಿತ್ತು. ನೆಲದ ಮೇಲೆ ಕೂತ ಅಪ್ಪನನ್ನೂ ಗೋಡೆಯನ್ನೂ ನೋಡಿದಳು. ಅಪ್ಪ ಐದು ವರ್ಷಗಳಲ್ಲಿ ಮೊದಲ ಸಲ, ಜಗಳವಿಲ್ಲದೆ, ಅವಳಿಗೇ ನೇರವಾಗಿ ಮಾತಾಡಿದ.

"ಒಡೀತು, ಗಿರಿಜಾ."

"ಏನು?"

"ಕಡೀ ಅಂಕಿ ಮೂರು. ಆಕೀದು. ಇಪ್ಪತ್ತ ಲಕ್ಷ ದಾಟಿದ ಮ್ಯಾಲಿಂದು, ಅಂದ್ರ ಪಂಚಮಿ ಆಗಿ ದಸರಿ ಮಾನೌಮಿ ಒಳಗ. ಆವಾಗನ ಆಕಿಗೆ ಕಾಣತಿದ್ದಿಲ್ಲ. ನಾ ಬಂದ ಕೇಳೀನಿ, ಉಳೀತೇನು ಅಂತ. ಉಳೀತು ಅಂದಾಳ."

ಅವ್ವ ಚೀಲ ಕೆಳಗಿಟ್ಟಳು. ಇಷ್ಟು ವರ್ಷ ಅವಳು ಕಾಯುತ್ತಿದ್ದುದು ಇದಕ್ಕೇ ಎಂದು ನನಗೆ ಗೊತ್ತಿತ್ತು. ಎಲ್ಲಿ ತಪ್ಪಿದ್ದಾಳೆ ತೋರಿಸು ಎನ್ನುತ್ತಿದ್ದವನು ತಾನೇ ತೋರಿಸಿದ್ದ. ಈಗ ಏನು ಬೇಕಾದರೂ ಅನ್ನಬಹುದಿತ್ತು. ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧಳಾಗಿ ನಿಂತೆ. ಅವಳು ಅಪ್ಪನ ಎದುರು ಕೂತಳು.

"ಮಾನೌಮಿ ಮುಂದ ಆಕಿ ತೊಗರಿಬ್ಯಾಳಿ ಹಸನ ಮಾಡಾಕ ಕೂತಿದ್ಳು," ಎಂದಳು. "ಮೊರದ ಎಡಗಡಿ ಹರಳೆಲ್ಲಾ ಆರಿಸಿದ್ಳು. ಬಲಗಡಿ ಹಂಗ ಬಿಟ್ಟಿದ್ಳು. ಗೆರಿ ಕೊರದಂಗ, ಅರ್ಧಕ್ಕ. ಅತ್ತಿ ಬಾಯಾಗ ಹರಳ ಬಂತು. ಲಕ್ಷ್ಯ ಎಲ್ಲೆ ಐತಿ ನಿಂದು ಅಂತ ನಾ ಕಪಾಳಕ್ಕ ಹೊಡದೆ. ನಾ ನರ್ಸ್ ಅದೇನಿ. ಅರ್ಧ ಕಾಣಲಾರದ ಪೇಶಂಟ್ ಅನ್ನ ನಾ ನೋಡೀನಿ. ಮಿರಜಿನ್ಯಾಗ ಡಾಕ್ಟರ್ ಕೇಳಿದ್ರಲ್ಲಾ, ಯಾವಾಗಿಂದ ಅಂತ. ಆವಾಗನ ನನಗ ಆ ಮೊರ ಕಣ್ಣಮುಂದ ಬಂತು. ಬಾಯಿ ತಗೀಲಿಲ್ಲ ನಾ."

ಒಳಗಿನಿಂದ ಆಯಿ, "ನಾನೂ ಬೈದಿದ್ದೆ ಬೇ," ಎಂದಳು.

ಕತ್ತಲಾಗುತ್ತ ಬಂದರೂ ಯಾರೂ ದೀಪ ಹಾಕಲಿಲ್ಲ. ಅಪ್ಪ ಕೇಳಿದ:

"ಕಾಣವಲ್ದು ಅಂತ ಯಾಕ ಹೇಳಲಿಲ್ಲ ಆಕಿ?"

"ಹೇಳಿದ್ರ ನಾ ಪಾಟಿ ಕಸಗೋತಿದ್ದೆ," ಎಂದಳು ಅವ್ವ. "ಆಕಿಗೆ ಅದು ಬೇಕಾಗಿತ್ರಿ. ನಿಮ್ಮ ಜೋಡಿ ಕೂಡೂದು ಬೇಕಾಗಿತ್ತು."

ಅಪ್ಪ ಆಗ ಅತ್ತ. ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಬಾಯಿ ತೆರೆದು, ಮಗುವಿನಂತೆ, ಉಸಿರು ಸಿಕ್ಕಿಹಾಕಿಕೊಂಡು. ಅವ್ವ ಅವನ ಪಕ್ಕಕ್ಕೆ ಸರಿದು ಕೂತು, ಸೆರಗಿನಿಂದ ಮೊದಲು ಅವನ ಮುಖ, ಆಮೇಲೆ ತನ್ನ ಮುಖ ಒರೆಸಿದಳು. ಅವರಿಬ್ಬರನ್ನು ಅಲ್ಲೇ ಬಿಟ್ಟು ನಾನು ಅಡಿಗೆ ಮನೆಗೆ ಹೋದೆ. ಆಯಿ ಮೂಲೆಯಲ್ಲಿ ಮುಖ ಆಚೆ ಮಾಡಿ ಕೂತಿದ್ದಳು. ಒಲೆ ಆರಿತ್ತು. ರಾತ್ರಿಗೆ ಯಾರೂ ಅಡಿಗೆ ಮಾಡಿರಲಿಲ್ಲ. ನಾಲ್ಕು ಮಂದಿಗೆ ಎಷ್ಟು ಅಕ್ಕಿ ಬೇಕೆಂದು ಆಯಿಯನ್ನು ಕೇಳಿಕೊಂಡು, ಒಲೆ ಹೊತ್ತಿಸಿ, ನಾನು ಅನ್ನಕ್ಕಿಟ್ಟೆ.